ಚಿನ್ನ ಹಿಡಿಯುವ ಉಸಿರು

ಕುಂಚದ ತುದಿ ನಾಲಿಗೆಗೆ ತಗುಲಿದ ಮೇಲೆಯೇ ಫೆವ್ರೋನಿಯಾಳಿಗೆ ಅದು ಯಾವ ಹಳದಿಯೆಂಬುದು ನೆನಪಾಯಿತು. ಮೇಣದ ಮುಚ್ಚಳದ ಹಳೆಯ ಭರಣಿಯದು. ಹರಿತಾಳ, ಪಾಷಾಣದ ಜಾತಿ. ತುದಿ ಚೂಪಾಗಲು ಬೆರಳಲ್ಲಿ ಹೊಸೆಯಬೇಕು, ಇನ್ನೊಮ್ಮೆ ಬಾಯಿಗಿಟ್ಟರೆ ಕುಂಚ ಕಿತ್ತುಕೊಂಡು ಅಡುಗೆಮನೆಗೆ ಕಳಿಸುವೆನೆಂದು ಚಿತ್ರಶಾಲೆಯ ಹಿರಿಯ ಸನ್ಯಾಸಿನಿ ಕಸ್ಸಿಯಾನಿ ಅಮ್ಮ ಎಚ್ಚರಿಸಿದ್ದರು. ಆ ಕುಂಚಕ್ಕಾಗಿಯೇ ಅವಳು ಮನೆ ಬಿಟ್ಟು ಈ ಬೆಟ್ಟದ ಮಠಕ್ಕೆ ಬಂದವಳು.

ಉಗುಳು ಆಗಲೇ ಗಂಟಲಿಳಿದಿತ್ತು. ನಾಲಿಗೆಯ ಮೇಲೆ ಬಣ್ಣಕ್ಕೆ ಕಲಸಿದ ಮೊಟ್ಟೆಯ ಜಿಡ್ಡು, ಅದರಡಿಯಲ್ಲಿ ಲೋಹದಂಥ ಒಂದು ತಣ್ಣನೆ ರುಚಿ. ಹಲಗೆಯ ಮೇಲಿನ ಸಂತಳಿಗೆ ಇನ್ನೂ ಕಣ್ಣು ಮೂಡಿಸಿರಲಿಲ್ಲ, ಯಾರೂ ನೋಡಿರಲಿಲ್ಲ.

"ಫೆವ್ರೋನಿಯಾ, ಬಾರೇ ಇಲ್ಲಿ. ಪ್ರಭಾವಳಿಗೆ ಚಿನ್ನ ಕೂರಿಸ್ಬೇಕು. ನನ್ನ ಎದೇಲಿ ಗಾಳೀನೇ ಇಲ್ಲ, ನೀನು ಊದು."

ಕಸ್ಸಿಯಾನಿ ಅಮ್ಮನ ಮುಂದಿದ್ದ ಇನ್ನೊಂದು ಹಲಗೆಯಲ್ಲಿ, ಸಂತನ ತಲೆಯ ಸುತ್ತ ಕೆಮ್ಮಣ್ಣಿನ ವೃತ್ತ. ಬಾಯಿಯ ಬೆಚ್ಚನೆ ಉಸಿರಿಗೆ ಆ ಮಣ್ಣು ತೇವಗೊಂಡರಷ್ಟೇ ಚಿನ್ನದ ತೆಳು ರೇಕು ಹಿಡಿಯುತ್ತದೆ. ದೇವರು ಆದಾಮನಿಗೆ ಊದಿದಂತೆ ಊದಬೇಕೆಂಬುದು ಇಲ್ಲಿಯ ಮೊದಲ ಪಾಠ. ಫೆವ್ರೋನಿಯಾ ಬಾಗಿದಳು, ತುಟಿ ತೆರೆಯಲಿಲ್ಲ. ವಿಷದ ಉಸಿರನ್ನು ಸಂತನ ಮೇಲೆ ಬಿಡುವುದು ಹೇಗೆ?

"ಏನೇ, ಉಸಿರೂ ತುಟ್ಟಿಯಾಯ್ತಾ?"

ಅವಳು ಹಲಗೆಯಿಂದ ಹಿಂದೆ ಸರಿದಳು. "ಅಮ್ಮಾ, ಕುಂಚ ನೆಕ್ಕಿಬಿಟ್ಟೆ. ಆ ಮೇಣದ ಮುಚ್ಚಳದ ಭರಣೀದು. ನುಂಗಿದೀನಿ."

ಮುದುಕಿಯ ಕೈಯಿಂದ ರೇಕು ಜಾರಿ ಗಾಳಿಯಲ್ಲಿ ತೇಲಿತು. "ಇಷ್ಟೊತ್ತೂ ಬಾಯಿ ಮುಚ್ಕೊಂಡಿದ್ಯಾ?"

"ಕುಂಚ ಕಿತ್ಕೊಳ್ತೀರ ಅಂತ..."

ಕಸ್ಸಿಯಾನಿ ಅಮ್ಮ ಬೈಯಲಿಲ್ಲ. ಅದೇ ಹುಡುಗಿಯನ್ನು ಹೆಚ್ಚು ಹೆದರಿಸಿತು. ಕೆಳಗಿನ ಊರಿನ ವೈದ್ಯನಿಗೆ ಫೋನು ಮಾಡಿಸಿ, ಅವರು ಅಡುಗೆಮನೆಯಿಂದ ಒಂದು ಬಟ್ಟಲು ಹಾಲು ತಂದರು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಮಠದಲ್ಲಿ ಹಾಲಿರುತ್ತಿದ್ದುದು ಬೆಕ್ಕಿಗೆ ಮಾತ್ರ.

"ಅಮ್ಮಾ, ಉಪವಾಸ..."

"ಬದುಕಿದ್ರೆ ತಾನೆ ಉಪವಾಸ! ಕುಡಿ. ಬೆಕ್ಕಿನ ಹತ್ರ ಕ್ಷಮೆ ನಾನು ಕೇಳ್ಕೋತೀನಿ."

ಕುಡಿದಳು. ಹೊಟ್ಟೆಯೊಳಗೆ ಏನೋ ಹಿಂಡಿತು. ಹಾಲೋ, ವಿಷವೋ, ಭಯವೋ ತಿಳಿಯಲಿಲ್ಲ. ಬೆರಳ ತುದಿಗಳು ತಣ್ಣಗಾದವು.

"ಡಾಕ್ಟ್ರು ಬರೋವರೆಗೂ ನನ್ನ ಕಣ್ಣೆದುರೇ ಊದ್ತಿರು."

"ನನ್ನ ಉಸಿರು ಮೈಲಿಗೆ, ಅಮ್ಮಾ."

"ನಿಂತುಹೋದ ಉಸಿರಿಂದ ನಂಗೇನು ಪ್ರಯೋಜನ? ಊದೇ!"

ಊದಿದಳು. ಕೆಮ್ಮಣ್ಣಿನ ಮೇಲೆ ಮಂಜು ಕವಿಯಿತು, ಮಾಸಿತು, ಮತ್ತೆ ಕವಿಯಿತು. ಅಂಗೈಯಗಲದ ಆ ತೇವವನ್ನೇ ನೋಡುತ್ತ ಕಸ್ಸಿಯಾನಿ ಅಮ್ಮ ರೇಕು ಇಳಿಸಿದರು. ಎಂದೂ ತಪ್ಪದ ಆ ಕೈಯಿಂದ ಚಿನ್ನ ಸೊಟ್ಟಗೆ ಕೂತಿತು. ಅವರು ಅದನ್ನು ಸರಿಪಡಿಸಲೂ ಇಲ್ಲ. ದೂರದ ತಿರುವಿನಲ್ಲಿ ಕಾರಿನ ಸದ್ದು ಏರತೊಡಗಿತ್ತು. ಮಂಜು ಪೂರ್ತಿ ಮಾಸುವ ಮುನ್ನವೇ ಮುದುಕಿ ಪಿಸುಗುಟ್ಟಿದರು:

"ಇನ್ನೊಂದ್ಸಲ, ಮಗಳೇ. ಇನ್ನೊಂದ್ಸಲ."