ಕೀಲು ನೋಡಿ ಬಿಡಿಸಿದ ಮೂಳೆ

ಕುರ್ಬಾನ್ ಹಬ್ಬದ ನಮಾಜು ಮುಗಿದು, ನಾರಿನ್ ನದಿಯ ದಡದ ನಮ್ಮೂರಿನ ಬಡವರ ಮನೆಗಳಿಗೆ ಮಾಂಸದ ಚೀಲಗಳು ಹೋಗಿ ಒಂದು ಗಂಟೆಯೂ ಆಗಿರಲಿಲ್ಲ. ಏಳು ಚೀಲಗಳು ತಿರುಗಿ ಬಂದು ಮಸೀದಿಯ ಗೇಟಿನಲ್ಲಿ ನೇತಾಡುತ್ತಿದ್ದವು.

ನಾನು ಅಂಗಳದ ಬೆಂಚಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದೆ. ಮಂಡಿ ಕೆಟ್ಟು ಕುರಿ ಕಾಯುವುದನ್ನು ಬಿಟ್ಟ ಮೇಲೆ, ನಾಲ್ಕು ವರ್ಷದಿಂದ ನನಗಿದ್ದ ಕೆಲಸ ಅದೊಂದೇ. ಊರೆಲ್ಲ ದೇವರ ಹೆಸರಿನಲ್ಲಿ ದುಡಿಯುವ ದಿನವೂ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ.

ಮಾಂಸ ಹಂಚುವ ಹೊಣೆ ಹೊತ್ತಿದ್ದವನು ಶಾಲೆಯ ಮೇಷ್ಟ್ರು ಎಲ್ದಾರ್. ಒಂದು ಚೀಲ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ತಾತ, ಬುರುಲ್ಚಾ ಅಜ್ಜಿ ಬಾಗಿಲಲ್ಲೇ ವಾಪಸ್ ಕೊಟ್ಬಿಟ್ರು. ಮನೇಲಿ ಮೊಮ್ಮಕ್ಕಳಿದಾವೆ, ಹಬ್ಬದ ದಿನ ಒಲೆ ಮೇಲೆ ಏನೂ ಇಲ್ಲ. ಯಾರಿಗೂ ಕಮ್ಮಿ ಆಗಬಾರದು ಅಂತ ತೂಕ ಹಾಕೇ ತುಂಬಿದೀವಿ."

ಚೀಲ ಬಿಚ್ಚಿ ನೋಡಿದೆ. ತೊಡೆಯ ಮೂಳೆಯನ್ನು ಕೊಡಲಿಯಿಂದ ನಡುವೆಯೇ ಕಡಿದಿದ್ದರು.

"ಇದನ್ನ ಯಾರಪ್ಪ ಕಡಿದೋರು?"

"ನಾವೇ. ಬೇಗ ಆಗ್ಲಿ ಅಂತ."

"ನಾಯಿಗೆ ಹಾಕೋದನ್ನ ಹೀಗೆ ಕಡೀತಾರೆ. ಮನುಷ್ಯರಿಗಾದ್ರೆ ಕೀಲು ನೋಡಿ ಬಿಡಿಸ್ಬೇಕು, ವಯಸ್ಸು ನೋಡಿ ಕೊಡ್ಬೇಕು. ನಿಮ್ಮಪ್ಪ ಇದನ್ನ ಹೇಳ್ಕೊಡ್ಲಿಲ್ವಾ?"

"ನಮ್ಮಪ್ಪ ಬಸ್ಸು ಓಡಿಸ್ತಿದ್ರು ತಾತ."

ನಗು ಬಂತು. ಸುಲಿದ ಕುರಿ ಇನ್ನು ಒಂದು ಮಾತ್ರ ಉಳಿದಿತ್ತು. ಅದನ್ನು ಹಲಗೆಯ ಮೇಲೆ ಹಾಕಿಸಿ, ಬೂಟಿನೊಳಗಿಂದ ಚಾಕು ತೆಗೆದೆ. ಮೊದಲ ಕೀಲು ಸಿಕ್ಕಿದ್ದೇ ತಡ, ಕೈ ತಾನೇ ಮುಂದೆ ಹೋಯಿತು. ಎಲ್ಲೂ ಮೂಳೆಯ ಒಂದು ಚಕ್ಕೆ ಏಳಲಿಲ್ಲ. ಬೆಳಿಗ್ಗೆ ಕೊಡಲಿ ಹಿಡಿದಿದ್ದ ಹುಡುಗರು ಸುತ್ತ ನಿಂತು ನೋಡಿದರು.

ಎಲ್ದಾರ್ ಮನೆಗಳ ಪಟ್ಟಿ ತೆಗೆದ.

"ಅದನ್ನ ಮಡಚಿಡು," ಅಂದೆ. "ವಾಪಸ್ ಕೊಟ್ಟ ಏಳು ಜನರಲ್ಲಿ ಬುರುಲ್ಚಾನೇ ಹಿರಿಯಳು, ಅವಳಿಗೆ ಸೊಂಟದ ಮೂಳೆ. ಇನ್ನೊಂದು ಪಕ್ಕದ್ದು ತೋಕ್ಟೊಗೆ, ಅವನು ಅವಳಿಗಿಂತ ಎರಡು ಚಳಿಗಾಲಕ್ಕೆ ಚಿಕ್ಕವನು. ಮಿಕ್ಕವರದ್ದು ದಾರಿಯಲ್ಲಿ ಹೇಳ್ತೀನಿ."

ಪಾಲುಗಳನ್ನು ತಟ್ಟೆಗಳಲ್ಲಿ ಜೋಡಿಸಿ, ಎಲ್ದಾರ್‌ಗೆ ಹೊರಿಸಿಕೊಂಡು ಮೊದಲು ಬುರುಲ್ಚಾಳ ಮನೆಗೆ ಹೋದೆ. ಅವಳ ಗಂಡನೂ ನಾನೂ ಒಂದೇ ಬೆಟ್ಟದಲ್ಲಿ ಕುರಿ ಕಾಯ್ದವರು. ಬಾಗಿಲು ತೆರೆದ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇನ್ನೂ ಇದೀಯಾ? ಆ ಬೆಂಚಿನ ಜೊತೆಗೇ ಮಣ್ಣು ಮಾಡಿದ್ರು ಅಂದ್ಕೊಂಡಿದ್ದೆ."

"ನೀನು ಅಳೋಕೆ ಬರಲ್ಲ ಅಂತ ಗೊತ್ತಿತ್ತು ಅತ್ತಿಗೆ. ಅದಕ್ಕೇ ಸಾಯಲಿಲ್ಲ."

ತಟ್ಟೆಯನ್ನು ಅವಳ ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ. ಎಲ್ದಾರ್ ಹಿಂದೆ ನಿಂತು ಬೆವರುತ್ತಿದ್ದ. ಕೊನೆಗೆ ಅವಳು ಹೆಬ್ಬೆರಳಿನಿಂದ ಮೂಳೆಯ ತುದಿಯನ್ನು ನಿಧಾನವಾಗಿ ಸವರಿದಳು. ನುಣ್ಣಗಿತ್ತು.

"ಕೊಡೋದು ಅಂದ್ರೆ ಹೀಗೆ," ಅಂದಳು. ಎರಡೂ ಕೈಯಲ್ಲಿ ತಟ್ಟೆ ತಗೊಂಡು ಒಳಗಿಟ್ಟು ಬಂದು, ಅಂಗೈಗಳನ್ನು ಎತ್ತಿ ಹರಸಿದಳು. "ದೇವರು ನಿನ್ನ ಕೈ ಗಟ್ಟಿಯಾಗಿಡ್ಲಿ. ಹೋಗು, ತೋಕ್ಟೊನೂ ಬೆಳಗಿಂದ ಮುಖ ಊದಿಸ್ಕೊಂಡು ಕೂತಿದಾನೆ."

ಒಳಗೆ ಮಕ್ಕಳು ಒಲೆಗೆ ಕಟ್ಟಿಗೆ ಒಟ್ಟುವ ಸದ್ದು ಕೇಳಿಸಿತು. ಇನ್ನೂ ಆರು ಮನೆ ಬಾಕಿ. ನಾನು ಸರಸರ ಹೊರಟೆ.

"ಮೆಲ್ಲಗೆ ತಾತ, ನಿಮ್ಮ ಮಂಡಿ," ಎಂದು ಎಲ್ದಾರ್ ಹಿಂದಿನಿಂದ ಏದುಸಿರು ಬಿಟ್ಟ.

"ಮಂಡಿ ನಂದು, ನೀನು ತಟ್ಟೆ ನೋಡ್ಕೋ. ಹಬ್ಬ ಇನ್ನೂ ಎರಡು ದಿನ ಇದೆ. ನಾಳೆ ಬರೋ ಕುರಿಗೆ ಯಾರೂ ಕೊಡಲಿ ಮುಟ್ಟಬೇಡಿ, ನಾನು ಬೆಳಿಗ್ಗೆನೇ ಬರ್ತೀನಿ."