ಒಲ್ಲೆಂದ ಉಡಿ

ಧರೆಪ್ಪನಿಗೆ ಪ್ರಾಮಾಣಿಕತೆಯ ಹುಚ್ಚು. ಹುಚ್ಚು ಅವನದು, ಅನುಭವಿಸುವ ಕರ್ಮ ಹೆಂಡತಿ ಚನ್ನವ್ವನದು. ಐಗಳಿಯ ಅವರ ವಾರ್ಡು ಮಹಿಳೆಗೆ ಮೀಸಲಾದದ್ದೇ ತಡ, ಪಂಚಾಯತಿ ಚುನಾವಣೆಗೆ ಅವಳನ್ನು ನಿಲ್ಲಿಸಿ, ಯಾರ ದೇಣಿಗೆಯನ್ನೂ ಮುಟ್ಟುವುದಿಲ್ಲವೆಂದು ಊರಿಗೆಲ್ಲ ಸಾರಿಬಿಟ್ಟ. ಚನ್ನವ್ವನ ಜೀವ ಇದ್ದದ್ದೇ ಬೇರೆ ಕಡೆ. ಎರಡು ಸಲ ಬಸಿರು ನಿಲ್ಲದ ಮಗಳು ಪ್ರಾಜಕ್ತಾಗೆ ಈ ಸಲ ಏಳು ತಿಂಗಳು ತುಂಬಿತ್ತು. ಮತದಾನದ ಮರುವಾರವೇ ತವರಲ್ಲಿ ಕುಬಸ, ಬಸುರಿಯ ಸೀಮಂತ. ಓಣಿಯ ಮುತ್ತೈದೆಯರು ಬಂದು ಉಡಿ ತುಂಬಿದರೆ ಕೂಸು ಉಳಿಯುತ್ತದೆಂದು ಅವಳು ನಂಬಿದ್ದಳು.

ಪ್ರಚಾರಕ್ಕೆ ಮೊದಲು ಹೋದದ್ದು ಓಣಿಯ ಹಿರಿಯ ಮುತ್ತೈದೆ ತುಳಸವ್ವನ ಮನೆಗೆ. ಓಟು ಕೇಳಿ ಬಂದವಳನ್ನು ಹಾಗೇ ಕಳಿಸುವುದುಂಟೆ? ಆಕೆ ಮೊರದಲ್ಲಿ ಅಕ್ಕಿ, ಕಾಯಿ, ಖಣ ತಂದಳು. ಚನ್ನವ್ವ ಸೆರಗೊಡ್ಡಿದಳು. ಮೊದಲ ಬೊಗಸೆ ಅಕ್ಕಿ ಬಿತ್ತು.

"ಬ್ಯಾಡ್ರಿ ತುಳಸವ್ವಾರ," ಎಂದ ಧರೆಪ್ಪ ಅಂಗಳದಿಂದಲೇ. "ನಾಳೆ ಇದನ್ನೂ ದೇಣಿಗಿ ಅಂತಾರ. ಏ, ಸೆರಗ ಬಿಡ."

ಏನು ಮಾಡಿಯಾಳು ಪಾಪ, ಬಿಟ್ಟಳು. ಅಕ್ಕಿ ಹೊಸ್ತಿಲ ಮೇಲೆ ಚೆಲ್ಲಿತು.

"ಗಂಡುಳ್ಳಾಕಿ ಉಡಿ ಒಲ್ಲೆ ಅಂದದ್ದ ನಾ ಎಲ್ಲೂ ನೋಡಿಲ್ಲ ಬೇ," ಎಂದು ತುಳಸವ್ವ ಮೊರ ಒಳಗೊಯ್ದಳು. ಮುಂದಿನ ಮನೆಗಳಲ್ಲೂ ಅದೇ ಕಥೆ. ಲಂಚ ಯಾವುದು, ಉಡಿ ಯಾವುದು ಎಂದು ತಿಳಿಯದ ಗಂಡಸಿಗೆ ಏನೆನ್ನಬೇಕು!

ಹತ್ತೊಂಬತ್ತು ಓಟು ಬಿದ್ದವು. ಹತ್ತೊಂಬತ್ತೂ ಶುದ್ಧ ಓಟು ಎಂದು ಧರೆಪ್ಪ ಮೀಸೆ ತಿರುವಿದ.

ಕುಬಸದ ದಿನ ಪ್ರಾಜಕ್ತಾ ಹಸಿರು ಸೀರೆಯುಟ್ಟು ಬೆಳಗಿನಿಂದ ಕೂತಳು. ಅತ್ತೆ ಸಕ್ಕುಬಾಯಿ ಊರಿಂದ ಬಂದಿದ್ದಳು. ಓಣಿಯವರು ಮಾತ್ರ ಒಬ್ಬರೂ ಬರಲಿಲ್ಲ. ಮಧ್ಯಾಹ್ನವಾದಾಗ ಚನ್ನವ್ವ ತಡೆಯಲಾರದೆ ಓಡಿಹೋಗಿ ತುಳಸವ್ವನ ಕಾಲು ಹಿಡಿದಳು.

"ಕಾಲ ಬಿಡ ಬೇ," ಎಂದಳು ತುಳಸವ್ವ, ತಣ್ಣಗೆ. "ನಿಮ್ಮ ಮನ್ಯಾಗ ಉಡಿ ನಡಿಯೂದಿಲ್ಲ. ಮತ್ತ ಯಾಕ ಅಕ್ಕಿ ಚೆಲ್ಲೂನು?"

ಚನ್ನವ್ವ ಮರಳುವಷ್ಟರಲ್ಲಿ ಸಕ್ಕುಬಾಯಿ ಸೊಸೆಯ ಬ್ಯಾಗು ಕಟ್ಟಿಸಿದ್ದಳು. "ಒಬ್ಬ ಮುತ್ತೈದಿ ಕಾಲಿಡದ ಮನಿ ಇದು. ಇಲ್ಲೆ ಬಾಳಂತನ ಬ್ಯಾಡ. ಕೂಸ ಹುಟ್ಟಿದ ಮ್ಯಾಲೂ ನೀವು ನೋಡಾಕ ಬರಬ್ಯಾಡ್ರಿ."

"ಅವ್ವಾ, ನೀ ಆವತ್ತ ಸುಮ್ನ ತಗೋಬೇಕಿತ್ತ," ಎಂದಳು ಪ್ರಾಜಕ್ತಾ. ಅತ್ತೆಯ ಹಿಂದೆಯೇ ಗಾಡಿ ಹತ್ತಿದಳು.

ಚನ್ನವ್ವ ಬಾಗಿಲಲ್ಲೇ ಕುಸಿದು ಬಾಯಿ ಬಡಿದುಕೊಂಡು ಅತ್ತಳು. ಧರೆಪ್ಪ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದ.

"ಅಳಬ್ಯಾಡ," ಎಂದ. "ನಾವೇನ ಯಾರ ಹಂಗಿನಾಗೂ ಇಲ್ಲಲ್ಲ."