ಸೋತ ಗುಳಗಿ

"ಗುಳಗಿ ಅಂದ್ರ ಚುರುಮುರಿ ಅಂತ ತಿಳದೀರೇನ, ಸೂಳೇಮಕ್ಕಳ್ರಾ? ಬೇಕಾದಾಗ ನುಂಗೂದು, ಬ್ಯಾಡಾದಾಗ ಬಿಡೂದು. ಘಟ್ಟದ ಮ್ಯಾಲಿಂದ ಬಂದ ಘಾಟಿ ಜನದ ಹಣೇಬರಾನ ಇಷ್ಟು."

ಡಾಕ್ಟರು ಬೈಯುತ್ತಿದ್ದದ್ದು ಹುಲಿಗೆವ್ವನನ್ನು. ಗೋವಾದ ಕುಡಚಡೆಯ ಆ ದವಾಖಾನೆ ಅದಿರಿನ ಗುತ್ತಿಗೆದಾರನದು. ಡಾಕ್ಟರೂ ಅವನ ಸಂಬಳದವರೇ. ಕಾರವಾರದ ಕಡೆಯವರಾದ್ದರಿಂದ ಬೈಯುವಷ್ಟು ಕನ್ನಡ ಚೆನ್ನಾಗಿ ಬರುತ್ತಿತ್ತು. ಟ್ರಕ್ಕಿಗೆ ಅದಿರು ತುಂಬುವಾಗ ಕಲ್ಲು ಬಿದ್ದು ಒಡೆದ ಹುಲಿಗೆವ್ವನ ಪಾದ ಕಪ್ಪಿಟ್ಟು, ಬಾವು ಮೊಣಕಾಲಿಗೆ ಏರಿತ್ತು. ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದಿದ್ದರು.

ಹುಲಿಗೆವ್ವ ಪಕ್ಕದಲ್ಲಿ ಗುಳಗಿಯ ಡಬ್ಬಿ ಹಿಡಿದು ನಿಂತಿದ್ದ ಲಾಡಬಿಯ ಮುಖ ನೋಡಿದಳು. ಲಾಡಬಿ ಕಣ್ಣು ತಪ್ಪಿಸಿದಳು.

ದವಾಖಾನೆಯ ಕಸ ಗುಡಿಸಲು ಬಂದ ಲಾಡಬಿ ಈಗ ಗುಳಗಿ ಹಂಚುವವಳು. ಕೂಲಿಯವರು ಬೇಗ ಕೆಲಸಕ್ಕೆ ಮರಳಬೇಕು, ಮದ್ದೂ ಉಳಿಯಬೇಕು. ಹಾಗಾಗಿ ಪೂರಾ ಕೊಡದೆ ಎರಡೆರಡೇ ಗುಳಗಿ ಕೊಡು ಎಂದದ್ದು ಡಾಕ್ಟರು. ಆದರೆ "ಇಷ್ಟ ಸಾಕಬೇ ಯವ್ವಾ, ಜ್ವರಾ ಬಿಟ್ರ ಎದ್ದು ಹೋಗು" ಎಂದು ಹುಲಿಗೆವ್ವನ ಕೈಗೆ ಹಾಕಿದ್ದು ಲಾಡಬಿ. ತನ್ನ ಭಾಷೆಯವಳು, ತನ್ನ ಸಾಲಿನ ಗುಡಿಸಲಿನವಳು ಹೇಳಿದಳೆಂದು ಹುಲಿಗೆವ್ವ ನಂಬಿದ್ದಳು.

ಮಧ್ಯಾಹ್ನ ಲಾಡಬಿಯೇ ಅವಳನ್ನು ಟ್ರಕ್ಕು ಹತ್ತಿಸಿ ಮಡಗಾಂವದ ದೊಡ್ಡ ಆಸ್ಪತ್ರೆಗೆ ಒಯ್ದಳು. ಅಲ್ಲಿನ ನರ್ಸು ಗಾಯ ತೊಳೆಯುತ್ತ ಹಿಂದಿಯಲ್ಲಿ ಬಿಡಿಸಿ ಹೇಳಿದಳು: ಅರ್ಧಂಬರ್ಧ ನುಂಗಿದರೆ ರೋಗದ ಹುಳ ಸಾಯದೆ ಪಳಗಿಬಿಡುತ್ತದೆ, ಆಮೇಲೆ ಮದ್ದೇ ಸೋಲುತ್ತದೆ. ಕಾಲು ತೆಗೆಯದೆ ದಾರಿಯಿಲ್ಲ. ನಿಮ್ಮ ಕಡೆಯಿಂದ ಬರುವ ಗಾಯಗಳೆಲ್ಲ ಹೀಗೇ, ಯಾರು ಕೊಡುತ್ತಾರೆ ಈ ಗುಳಗಿ?

'ನಾನು' ಎನ್ನಬೇಕಾದ ಲಾಡಬಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

"ಅಳಬ್ಯಾಡಬೇ," ಎಂದಳು ಹುಲಿಗೆವ್ವ. "ನನಗೂ ಕೆಲಸಕ್ಕ ಹೋಗೂದಿತ್ತು."

ಅವಳು ಬೈದಿದ್ದರೆ ಲಾಡಬಿ ತಡೆದುಕೊಳ್ಳಬಹುದಿತ್ತು.

ಮರುದಿನ ಬೆಳಿಗ್ಗೆ ದವಾಖಾನೆಯ ಮುಂದೆ ಕೆಮ್ಮಿನವರು, ಜ್ವರದವರು ಎಂದಿನಂತೆ ಸಾಲುಗಟ್ಟಿದ್ದರು. ಲಾಡಬಿ ಗುಳಗಿಯ ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಳು.

"ಪೂರಾ ಕೊಡಸ್ರಿ, ಕೊಡ್ತೀನಿ. ಅರ್ಧಾ ನನ್ನ ಕೈಲೆ ಕೊಡೂದಿಲ್ರಿ."

"ಕಸಾ ಹೊಡಿಯಾಕಿ ನನಗ ಡಾಕ್ಟರಕಿ ಕಲಸ್ತೀಯೇನ, ಭೋಸಡಿ?" ಎಂದ ಡಾಕ್ಟರು ಸಾಲಿನತ್ತ ತಿರುಗಿ ನಕ್ಕರು. "ನಿಮ್ಮಾಕೀನ ಕೊಡವಲ್ಲಳು ನೋಡ್ರಿ." ಕುರ್ಚಿಗೆ ಒರಗಿ ಪೇಪರು ಬಿಡಿಸಿದರು.

ಸಾಲಿನ ಮುಂದೆ ಗಂಗಪ್ಪ ಜ್ವರದಲ್ಲಿ ನಡುಗುತ್ತಿದ್ದ. "ಕೊಡ ಲಾಡಬಿ. ಗಾಡಿ ಹೊಂಟೈತಿ. ಇವತ್ತ ತಪ್ಪಿಸಿದ್ರ ನಾಳಿ ನನ್ನ ಜಾಗಾದಾಗ ಮತ್ತೊಬ್ಬ ಇರ್ತಾನ."

"ಹುಲಿಗೆವ್ವನ ಕಾಲು ಹೋತಪಾ ಇದರಿಂದ."

"ಕಾಲು ಆಮ್ಯಾಲ ಹೋಗ್ಲಿ. ಕೂಳು ಇವತ್ತ ಹೋಕ್ಕೈತಿ."

ಟ್ರಕ್ಕಿನ ಹಾರ್ನು ಕೇಳಿತು. ಸಾಲು ಮುರಿದು ಜನ ಬಾಗಿಲಿಗೆ ನುಗ್ಗಿದರು. ಗಂಗಪ್ಪನ ಸುಡುವ ಕೈ ಡಬ್ಬಿಯನ್ನು ಹಿಡಿದೆಳೆಯಿತು. ಅವಳ ಊರಿನವರದೇ ಇನ್ನಷ್ಟು ಕೈಗಳು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದವು. ಲಾಡಬಿ ಬಿಡಲಿಲ್ಲ.